ದೂರದ ಚಾರಣಕ್ಕೆ ಹಗುರ ಡೌನ್ ಸ್ಲೀಪಿಂಗ್ ಬ್ಯಾಗ್: ಯಾವುದನ್ನು ಹೊರಬೇಕು?

ನಂದಿಬೆಟ್ಟದ ತುದಿ 1,478 ಮೀಟರ್. ಜನವರಿಯ ಬೆಳಗಿನ ಜಾವ ಅಲ್ಲಿ ಹಲ್ಲು ಕಟಕಟ ಎಂದರೂ ಉಷ್ಣತೆ ಸಾಮಾನ್ಯವಾಗಿ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದೇ ಹೊತ್ತಿನಲ್ಲಿ ಉತ್ತರಾಖಂಡದ ಕೇದಾರಕಂಠದ ದಾರಿಯಲ್ಲಿ ಹಿಮದ ಮೇಲೆ ಟೆಂಟ್ ಹಾಕಿದವರಿಗೆ ರಾತ್ರಿ ಸೊನ್ನೆಗಿಂತ ಐದೋ ಎಂಟೋ ಡಿಗ್ರಿ ಕೆಳಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಹೊರಡುವ ಚಾರಣಿಗರ ತೊಡಕು ಇಲ್ಲೇ ಶುರುವಾಗುತ್ತದೆ. ಕಾಲು ಪಳಗಿಸುವುದು ದೇವರಾಯನದುರ್ಗ, ಮಧುಗಿರಿ, ಸ್ಕಂದಗಿರಿ, ಅಂತರಗಂಗೆಯಲ್ಲಿ. ಮಲಗಬೇಕಾಗಿರುವುದು ಬೇರೆಲ್ಲೋ. ಊರ ಚಳಿಯ ಅಂದಾಜಿನಲ್ಲಿ ಡೌನ್, ಅಂದರೆ ಬಾತಿನ ನವಿರು ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಕೊಂಡರೆ ಹಿಮಾಲಯದಲ್ಲಿ ರಾತ್ರಿಯಿಡೀ ನಡುಕ. ಹಿಮಾಲಯಕ್ಕೆಂದು ಕೊಂಡದ್ದನ್ನೇ ಪಶ್ಚಿಮಘಟ್ಟಕ್ಕೆ ಹೊತ್ತರೆ ಮಧ್ಯರಾತ್ರಿ ಬೆವರಿ, ಜಿಪ್ ತೆಗೆದು, ಒಂದು ಕಾಲು ಹೊರಗೆ ಚಾಚಿ ಮಲಗುವ ಪಾಡು. ಹಾಗಾಗಿ ಬ್ರ್ಯಾಂಡಿನ ಹೆಸರು ಹುಡುಕುವ ಮೊದಲು ಒಂದು ಕಾಗದದಲ್ಲಿ ಎರಡು ವಿಷಯ ಬರೆದುಕೊಳ್ಳಿ: ಮಲಗುವ ಜಾಗದ ಎತ್ತರ, ಹೋಗುವ ತಿಂಗಳು.

ಎತ್ತರದಿಂದ ಚಳಿಯ ಲೆಕ್ಕ

ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮನಾಲಿ ಹೆಚ್ಚುಕಡಿಮೆ 2,050 ಮೀಟರಿನಲ್ಲಿದೆ. ನೀವು ಹೋಗುವ ವಾರ ಅಲ್ಲಿ ರಾತ್ರಿ 14 ಡಿಗ್ರಿ ಇದ್ದರೆ, 3,800 ಮೀಟರಿನ ಶಿಬಿರದಲ್ಲಿ ಹನ್ನೊಂದು ಕಡಿಮೆಯಾಗಿ ಮೂರು ಡಿಗ್ರಿಗೆ ಬರುತ್ತದೆ. ಆಕಾಶ ತಿಳಿಯಾಗಿದ್ದರೆ, ಟೆಂಟು ಹಳ್ಳದ ಪಕ್ಕದ ತಗ್ಗಿನಲ್ಲಿದ್ದರೆ ಇನ್ನೂ ಎರಡು ಮೂರು ಕಳೆಯಿರಿ, ಏಕೆಂದರೆ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅಂದರೆ ಸೊನ್ನೆಗೆ ಸಿದ್ಧರಾಗಬೇಕು.

ಈ ಲೆಕ್ಕ ಹಿಡಿದು ನಮ್ಮ ಕಡೆಯವರು ಸಾಮಾನ್ಯವಾಗಿ ಹೋಗುವ ಜಾಗಗಳನ್ನು ನೋಡೋಣ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ, ಮುಳಬಾಗಿಲು ಕಡೆಯಿಂದ ತಿರುಪತಿಗೆ ಪಾದಯಾತ್ರೆ ಹೊರಡುವವರಿಗೆ ಡೌನ್ ಬೇಡವೇ ಬೇಡ. ಒಂದು ಶಾಲು, ಒಂದು ತೆಳು ಚಾಪೆ ಸಾಕು. ದುಡ್ಡನ್ನು ಒಳ್ಳೆಯ ಕಾಲುಚೀಲಕ್ಕೆ ಹಾಕಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಪಶ್ಚಿಮಘಟ್ಟದ ಬೆಟ್ಟಗಳಲ್ಲಿ, ಅರಣ್ಯ ಇಲಾಖೆ ತಂಗಲು ಅನುಮತಿ ಕೊಟ್ಟ ಕಡೆ, ಎಂಟು ಹತ್ತು ಡಿಗ್ರಿಗೆ ಸಾಕಾಗುವ ತೆಳುವಾದ ಕ್ವಿಲ್ಟ್ (ಬೆನ್ನಿನ ಕಡೆ ತೆರೆದಿರುವ, ರಜಾಯಿಯಂಥ ಹೊದಿಕೆ) ಸರಿಹೋಗುತ್ತದೆ. ಮೇ–ಜೂನ್ ಅಥವಾ ಸೆಪ್ಟೆಂಬರ್–ಅಕ್ಟೋಬರಿನ ಹಿಮಾಲಯಕ್ಕೆ ಸೊನ್ನೆಯಿಂದ ಮೈನಸ್ ಮೂರರವರೆಗೆ ಆರಾಮ ಕೊಡುವ ಚೀಲ ಬೇಕು. ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ನಲ್ಲಿ ತೊರಾಂಗ್ ಲಾ ಕಣಿವೆಮಾರ್ಗ 5,416 ಮೀಟರ್ ಎತ್ತರದಲ್ಲಿದ್ದರೂ ಮಲಗುವುದು ಲಾಡ್ಜ್‌ಗಳಲ್ಲಿ. ಅಲ್ಲಿ ಹೊದಿಕೆ ಸಿಗುವುದರಿಂದ ಇದೇ ಸೊನ್ನೆ ಡಿಗ್ರಿಯ ಚೀಲ ಸಾಕು. ಅಮೆರಿಕದ 4,265 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಟ್ರೈಲ್‌ನಂಥ ಹಾದಿಗೆ ಹೋಗುವವರು ಹೆಚ್ಚಾಗಿ 20 ಫ್ಯಾರನ್‌ಹೀಟ್, ಅಂದರೆ ಮೈನಸ್ ಏಳರ ವರ್ಗವನ್ನು ಹೊರುತ್ತಾರೆ.

ಹಿಮಾಲಯದ ಚಳಿಗಾಲದ ಹಿಮಚಾರಣ ಬೇರೆಯೇ ಮಾತು. ಅಲ್ಲಿ ತೂಕ ಉಳಿಸುವ ಹಟ ಬೇಡ. ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಹೋಗುವವರು ಬೇಸ್ ಕ್ಯಾಂಪಿನಲ್ಲಿ ಬಾಡಿಗೆಗೆ ಸಿಗುವ ದಪ್ಪ ಚೀಲವನ್ನೇ ತೆಗೆದುಕೊಳ್ಳುವುದು ಬುದ್ಧಿವಂತಿಕೆ.

ಚೀಟಿಯ ಮೇಲಿನ ಮೂರು ಅಂಕಿ

ಸ್ಲೀಪಿಂಗ್ ಬ್ಯಾಗಿನ ಚಳಿ ತಡೆಯುವ ಶಕ್ತಿಯನ್ನು ಅಳೆಯಲು ಯುರೋಪಿನಲ್ಲಿ ಇಎನ್ 13537 ಎಂಬ ಮಾನದಂಡ ಬಂತು. ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಬಿಸಿ ಮಾಡಿದ ಗೊಂಬೆಗೆ ತೆಳು ಒಳಉಡುಪು ತೊಡಿಸಿ, ಚೀಲದೊಳಗೆ ಮಲಗಿಸಿ, ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಅದರಿಂದ ಮೂರು ಅಂಕಿಗಳು ಬರುತ್ತವೆ. ಕಂಫರ್ಟ್ ಎಂದರೆ ಸಾಧಾರಣ ಮೈಕಟ್ಟಿನ ಹೆಣ್ಣುಮಗಳು ಕೈಕಾಲು ಚಾಚಿ ನಿರಾಳವಾಗಿ ಮಲಗಬಹುದಾದ ಉಷ್ಣತೆ. ಲಿಮಿಟ್ ಎಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುರಿಕೊಂಡು ಹೇಗೋ ನಿದ್ದೆ ಮಾಡಬಹುದಾದದ್ದು. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿಯಬಹುದು ಅಷ್ಟೇ. ನಿದ್ದೆಯ ಮಾತು ಬಿಡಿ, ಕೈಕಾಲು ಮರಗಟ್ಟುವ ಅಪಾಯವೂ ಉಂಟು.

ಮೋಸ ಹೋಗುವುದು ಇಲ್ಲಿಯೇ. ಚೀಲದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಹೆಚ್ಚಿನ ಸಲ ಲಿಮಿಟ್ ಅಂಕಿ. ಅಗ್ಗದ ಚೀಲಗಳಲ್ಲಿ ಎಕ್ಸ್‌ಟ್ರೀಮ್ ಅಂಕಿಯನ್ನೇ ಹೊರಗೆ ಹಾಕಿರುವುದುಂಟು. “ಮೈನಸ್ ಹತ್ತು” ಎಂದು ಬರೆದು ಯಾವ ಮಾನದಂಡ ಎಂದೇ ಹೇಳದ ಚೀಲದ ಮಾತನ್ನು ನಂಬಲೇಬೇಡಿ. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ಮೈ ನಮ್ಮದು. ಹಾಗಾಗಿ ಗಂಡಸರೂ ಕಂಫರ್ಟ್ ಅಂಕಿಯನ್ನೇ ಓದಿ. ಚಳಿ ಬೇಗ ಹತ್ತುವವರು, ಸಣಕಲು ಮೈಯವರು ಅದಕ್ಕಿಂತ ಮೂರು ಡಿಗ್ರಿ ಹೆಚ್ಚು ಬೆಚ್ಚಗಿರುವುದನ್ನು ಆರಿಸಿ. ಈ ಪರೀಕ್ಷೆ ಮೈಯನ್ನು ಪೂರ್ತಿ ಸುತ್ತುವ ಚೀಲಗಳಿಗೆ ಮಾಡಿದ್ದು. ಬೆನ್ನಿನ ಕಡೆ ತೆರೆದಿರುವ ಕ್ವಿಲ್ಟ್‌ಗಳ ಮೇಲಿನ ಅಂಕಿ ಹೆಚ್ಚಾಗಿ ತಯಾರಕರ ಸ್ವಂತ ಅಂದಾಜು. ಅದನ್ನು ಲಿಮಿಟ್ ಎಂದೇ ತಿಳಿದು, ಆರಾಮದ ಅಂಕಿ ಬೇಕಾದರೆ ಐದು ಡಿಗ್ರಿ ಸೇರಿಸಿಕೊಳ್ಳಿ. ಮೈನಸ್ ಏಳರ ಕ್ವಿಲ್ಟ್ ಎಂದರೆ ನಮ್ಮವರಿಗೆ ಮೈನಸ್ ಎರಡು.

ಡೌನ್ ಎಷ್ಟು ಗ್ರಾಂ, ಎಂಥದ್ದು

ಡೌನ್ ಎಂದರೆ ಬಾತು ಅಥವಾ ಹೆಬ್ಬಾತಿನ ಎದೆಯ ಕಡೆ, ಹೊರಗಿನ ಗರಿಗಳ ಅಡಿಯಲ್ಲಿರುವ ದಂಟಿಲ್ಲದ ನವಿರು ಪುಕ್ಕ. ಬೆಚ್ಚಗಿಡುವುದು ಪುಕ್ಕವಲ್ಲ, ಅದು ಹಿಡಿದಿಡುವ ಗಾಳಿ. ಬೂರುಗದ ಹತ್ತಿಯ ದಿಂಬನ್ನು ಬಿಸಿಲಿಗೆ ಹಾಕಿ ಕೊಡವಿದಾಗ ಉಬ್ಬುತ್ತದಲ್ಲ, ಆ ಉಬ್ಬೇ ಇಲ್ಲಿ ಎಲ್ಲವೂ.

ಫಿಲ್ ಪವರ್ ಎಂಬ ಅಂಕಿ ಹೇಳುವುದು ಒಂದು ಔನ್ಸ್ ಡೌನ್ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಎಂಬುದನ್ನು. ನಮ್ಮ ಅಳತೆಗೆ ತಂದರೆ 650ರ ಡೌನ್ ಒಂದು ಗ್ರಾಂಗೆ ಸುಮಾರು 0.38 ಲೀಟರ್, 850ರದ್ದು 0.49 ಲೀಟರ್. ಹಾಗಾದರೆ 850ರ 300 ಗ್ರಾಂ ಕೊಡುವ ಉಬ್ಬನ್ನು ಪಡೆಯಲು 650ರದ್ದು 390 ಗ್ರಾಂ ಬೇಕು. ವ್ಯತ್ಯಾಸ 90 ಗ್ರಾಂ. ಅಂಗಡಿಯವರು ಫಿಲ್ ಪವರನ್ನೇ ಎತ್ತಿ ಹೇಳುವಾಗ ಈ ಲೆಕ್ಕ ನೆನಪಿರಲಿ. 850 ಬರೆದ ಚೀಲದಲ್ಲಿ 200 ಗ್ರಾಂ ಮಾತ್ರ ತುಂಬಿದ್ದರೆ ಅದು 650ರ 350 ಗ್ರಾಂ ಚೀಲಕ್ಕಿಂತ ತಣ್ಣಗೇ ಇರುತ್ತದೆ. ತುಂಬಿದ ಡೌನ್‌ನ ತೂಕವನ್ನು ಹೇಳದ ತಯಾರಕರಿಂದ ಕೊಳ್ಳಬೇಡಿ.

ತಿಂಗಳುಗಟ್ಟಲೆ ನಡೆಯುವವರಿಗೆ ಆ 90 ಗ್ರಾಂ ಮುಖ್ಯ. ಇನ್ನೊಂದು ಲಾಭವೂ ಇದೆ: ಹೆಚ್ಚಿನ ಫಿಲ್ ಪವರಿನ ಚೀಲ ಚಿಕ್ಕದಾಗಿ ಮಡಚುತ್ತದೆ. ಆದರೆ ವರ್ಷಕ್ಕೆ ಒಂದು ವಾರ ಹಿಮಾಲಯಕ್ಕೆ ಹೋಗುವವರಿಗೆ 900ಕ್ಕೆ ದುಡ್ಡು ಸುರಿಯುವುದು ನಮ್ಮ ಅಭಿಪ್ರಾಯದಲ್ಲಿ ದಂಡ. 700–800ರ ನಡುವಿನದನ್ನು ತೆಗೆದುಕೊಂಡು ಉಳಿದ ಹಣದಲ್ಲಿ ಅಡಿಗೆ ಹಾಸುವ ಒಳ್ಳೆಯ ಮ್ಯಾಟ್ ಕೊಳ್ಳಿ. ಜೀವಂತ ಹಕ್ಕಿಯಿಂದ ಪುಕ್ಕ ಕೀಳಬಾರದು ಎನ್ನುವವರು ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತಿರುವುದನ್ನು ನೋಡಿ. ಹಕ್ಕಿಯ ಪುಕ್ಕವೇ ಬೇಡ ಎನ್ನುವವರಿಗೆ ಕ್ಲೈಮಾಶೀಲ್ಡ್ ಏಪೆಕ್ಸ್‌ನಂಥ ಸಿಂಥೆಟಿಕ್ ತುಂಬಿದ ಕ್ವಿಲ್ಟ್‌ಗಳಿವೆ. ಅಷ್ಟೇ ಬೆಚ್ಚಗಿರಲು ಹೆಚ್ಚು ತೂಕ, ಹೆಚ್ಚು ಗಾತ್ರ ಬೇಕಾಗುತ್ತದೆ. ಆದರೆ ನೆನೆದಾಗ ಡೌನ್‌ನಷ್ಟು ಕೈಕೊಡುವುದಿಲ್ಲ.

ಮಮ್ಮಿಯೋ, ಕ್ವಿಲ್ಟೋ

ಮಮ್ಮಿ ಎಂದರೆ ತಲೆಗೆ ಟೋಪಿ, ಪಕ್ಕಕ್ಕೆ ಜಿಪ್, ಕಾಲ ಕಡೆ ಕಿರಿದಾಗುತ್ತ ಹೋಗುವ ಪೂರ್ತಿ ಚೀಲ. ಮಲಗಿದಾಗ ಬೆನ್ನಿನಡಿಯ ಡೌನ್ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಅದರಲ್ಲಿ ಗಾಳಿ ಉಳಿಯುವುದಿಲ್ಲ, ಹಾಗಾಗಿ ಅದು ಹೆಚ್ಚೇನೂ ಬೆಚ್ಚಗಿಡುವುದಿಲ್ಲ. ಕ್ವಿಲ್ಟ್ ಮಾಡುವವರು ಆ ಭಾಗವನ್ನೇ ತೆಗೆದುಬಿಟ್ಟರು. ಟೋಪಿಯನ್ನೂ ಜಿಪ್ಪನ್ನೂ ಬಿಟ್ಟು ಪಾದಕ್ಕೊಂದು ಗೂಡು ಮಾತ್ರ ಉಳಿಸಿದರು. ಸೊನ್ನೆ ಡಿಗ್ರಿ ವರ್ಗದಲ್ಲಿ ಒಳ್ಳೆಯ ಮಮ್ಮಿ 700–850 ಗ್ರಾಂ ತೂಗಿದರೆ ಅದೇ ವರ್ಗದ ಕ್ವಿಲ್ಟ್ 500–600ಕ್ಕೆ ಬರುತ್ತದೆ.

ಉಳಿದ ತೂಕಕ್ಕೆ ಬೆಲೆ ಕೊಡಬೇಕಾದದ್ದು ಗಾಳಿಯಲ್ಲಿ. ಮಗ್ಗುಲು ಬದಲಿಸಿದಾಗ ಕ್ವಿಲ್ಟಿನ ಅಂಚು ಮ್ಯಾಟಿನಿಂದ ಮೇಲೇಳುತ್ತದೆ, ತಣ್ಣನೆ ಗಾಳಿ ಸೊಂಟದ ಹತ್ತಿರ ನುಗ್ಗುತ್ತದೆ. ಅದಕ್ಕೇ ಕ್ವಿಲ್ಟಿನ ಜೊತೆ ಮ್ಯಾಟಿಗೆ ಕಟ್ಟುವ ಎರಡು ಪಟ್ಟಿ ಕೊಡುತ್ತಾರೆ. ಒಂದನ್ನು ಎದೆಯ ಮಟ್ಟಕ್ಕೆ, ಇನ್ನೊಂದನ್ನು ತೊಡೆಯ ಮಟ್ಟಕ್ಕೆ ಮ್ಯಾಟಿನ ಅಡಿಯಿಂದ ಸುತ್ತಿ ಕ್ಲಿಪ್ ಹಾಕಬೇಕು. ಪಟ್ಟಿಯನ್ನು ಬಿಗಿದು ಕ್ವಿಲ್ಟನ್ನು ಚಪ್ಪಟೆ ಮಾಡಬೇಡಿ, ಅಂಚು ಮೈ ಕೆಳಗೆ ಒಂದು ಗೇಣು ಮಡಚಿಕೊಂಡಿರಲಿ. ಅಗಲ 125 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮಗ್ಗುಲಾಗಿ ಮಲಗುವವರಿಗೆ ಸಾಲದು. ಅವರಿಗೆ 135–140 ಬೇಕು, ಅದಕ್ಕೆ 40–50 ಗ್ರಾಂ ಹೆಚ್ಚು ತೆರಬೇಕು. ತಲೆಗೆ ಬೆಚ್ಚನೆಯ ಟೋಪಿ ಬೇರೆಯೇ ಬೇಕು, ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಿ.

ನಮ್ಮ ತೀರ್ಮಾನ ಹೀಗೆ: ರಾತ್ರಿ ಸೊನ್ನೆಗಿಂತ ಮೇಲಿರುವ ಕಡೆ ಕ್ವಿಲ್ಟ್, ಮೈನಸ್ ಐದಕ್ಕಿಂತ ಕೆಳಗೆ ಮಮ್ಮಿ. ನಡುವಿನ ಪಟ್ಟಿಯಲ್ಲಿ ಅಲುಗದೆ ಬೆನ್ನ ಮೇಲೆ ಮಲಗುವವರಿಗೆ ಕ್ವಿಲ್ಟ್, ರಾತ್ರಿಯೆಲ್ಲ ಹೊರಳಾಡುವವರಿಗೆ ಮಮ್ಮಿ. ಮೊದಲ ಸಲ ಹಿಮಾಲಯಕ್ಕೆ ಹೋಗುವವರು ಕ್ವಿಲ್ಟನ್ನು ಅಲ್ಲೇ ಮೊದಲ ಬಾರಿ ಬಿಚ್ಚಬಾರದು. ಮನೆಯ ತಾರಸಿಯ ಮೇಲೆ ಡಿಸೆಂಬರಿನ ಎರಡು ಮೂರು ರಾತ್ರಿ ಮಲಗಿ ಪಟ್ಟಿ ಕಟ್ಟುವುದನ್ನು ಕೈಗೆ ಕಲಿಸಿ.

ಹೆಸರುಗಳ ವಿಚಾರಕ್ಕೆ ಬಂದರೆ, ಮಮ್ಮಿಯಲ್ಲಿ ಅಮೆರಿಕದ ಸ್ಯಾನ್ ಹೋಸೆಯ ವೆಸ್ಟರ್ನ್ ಮೌಂಟನೀರಿಂಗ್ ಕಂಪನಿಯ ಅಲ್ಟ್ರಾಲೈಟ್ ಎಂಬುದು ಮೈನಸ್ ಏಳರ ವರ್ಗದ್ದು, ಸುಮಾರು 820 ಗ್ರಾಂ. ಡೌನ್ ಧಾರಾಳವಾಗಿ ತುಂಬಿರುತ್ತಾರೆ, ವರ್ಷಗಟ್ಟಲೆ ಬಾಳುತ್ತದೆ. ಥರ್ಮ್‌-ಎ-ರೆಸ್ಟ್‌ನ ಹೈಪೀರಿಯನ್ 900 ಫಿಲ್ ಪವರಿನದು, ಡೌನ್‌ನ ಹೆಚ್ಚಿನ ಪಾಲನ್ನು ಮೇಲ್ಭಾಗಕ್ಕೇ ಹಾಕಿ ತೂಕ ಇಳಿಸಿದ್ದಾರೆ. ಒಳಗೆ ಇಕ್ಕಟ್ಟು, ಜಿಪ್ಪೂ ಅರ್ಧವೇ. ದಪ್ಪ ಭುಜದವರಿಗೆ ಹೊಂದದು. ಕ್ವಿಲ್ಟ್‌ಗಳಲ್ಲಿ ಮಿನೆಸೋಟದ ಎನ್‌ಲೈಟೆಂಡ್ ಇಕ್ವಿಪ್‌ಮೆಂಟ್‌ನ ರೆವೆಲೇಶನ್ ಮತ್ತು ಎನಿಗ್ಮಾ ಹೆಸರುವಾಸಿ. ರೆವೆಲೇಶನ್‌ನ ಪಾದದ ಗೂಡು ಜಿಪ್ ಮತ್ತು ದಾರದಿಂದ ಮುಚ್ಚುವಂಥದ್ದು. ಬಿಚ್ಚಿದರೆ ರಜಾಯಿಯಂತೆ ಹರಡಬಹುದು, ಸೆಕೆಯ ರಾತ್ರಿಗೆ ಅನುಕೂಲ, ಆದರೆ ದಾರ ಎಳೆದ ಕಡೆ ಸಣ್ಣ ತೂತು ಉಳಿದು ಕಾಲ್ಬೆರಳಿಗೆ ಚಳಿ ತಾಗುತ್ತದೆ. ಎನಿಗ್ಮಾದ ಗೂಡು ಹೊಲಿದು ಮುಚ್ಚಿದ್ದು, ಹಗುರ, ಬೆಚ್ಚಗೆ. ನಮ್ಮ ಕಡೆಯವರು ಒಂದನ್ನೇ ಎಲ್ಲ ಕಡೆಗೂ ಒಯ್ಯುವುದಾದರೆ ರೆವೆಲೇಶನ್ ಮಾದರಿಯೇ ಮೇಲು. ಹೊರದೇಶದಿಂದ ತರಿಸುವಾಗ ಬೆಲೆಯ ಮೇಲೆ ಸುಂಕ ಮತ್ತು ತೆರಿಗೆ ಬೀಳುತ್ತದೆ, ಅಳತೆ ಹೊಂದದಿದ್ದರೆ ವಾಪಸು ಕಳಿಸುವುದೂ ಕಷ್ಟ. ಅಂಗಡಿಯಲ್ಲಿ ಒಳಗೆ ಮಲಗಿ ನೋಡಲು ಬಿಡುವ ಇಲ್ಲಿನ ಡೌನ್ ಚೀಲ ನೂರು ಗ್ರಾಂ ಭಾರವಾದರೂ ಹೊಸಬರಿಗೆ ಒಳ್ಳೆಯ ಆರಂಭ.

ಮ್ಯಾಟ್ ಇಲ್ಲದ ಚೀಲ ಅರ್ಧ ಚೀಲ

ಹೊಸದಾಗಿ ದುಬಾರಿ ಡೌನ್ ಕೊಂಡವರ “ಬೆಚ್ಚಗೇ ಇಲ್ಲ” ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ತೆಳು ಚಾಪೆ. ನೆಲ ಬೆನ್ನಿನ ಶಾಖವನ್ನು ಹೀರುತ್ತಲೇ ಇರುತ್ತದೆ. ಮ್ಯಾಟಿನ ತಡೆಯನ್ನು ಆರ್ ಮೌಲ್ಯದಲ್ಲಿ ಹೇಳುತ್ತಾರೆ. ಮಡಚುವ ಫೋಮ್ ಮ್ಯಾಟ್‌ಗಳದ್ದು ಸುಮಾರು 2. ಗಾಳಿ ತುಂಬುವ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಎಂಬ ಮ್ಯಾಟಿನದ್ದು 4.5. ಐದು ಡಿಗ್ರಿವರೆಗೆ 2 ಸಾಕು, ಸೊನ್ನೆಗೆ 4 ಬೇಕು. ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡುತ್ತವೆ. ಫೋಮನ್ನು ಕೆಳಗೆ ಹಾಸಿ ಗಾಳಿ ಮ್ಯಾಟನ್ನು ಮೇಲಿಟ್ಟರೆ 6.5 ಆಗುತ್ತದೆ, ಮುಳ್ಳು ಚುಚ್ಚಿ ತೂತಾಗುವ ಭಯವೂ ಕಡಿಮೆ.

ಬಟ್ಟೆ, ಡೆನಿಯರ್, ಒಂದು ಹಳೆಯ ಸೀರೆ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಡೆನಿಯರ್ ಹೊಸ ಮಾತಲ್ಲ: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸ್ಲೀಪಿಂಗ್ ಬ್ಯಾಗಿನ ನೈಲಾನಿಗೂ ಅದೇ ಅಳತೆ. 7 ಡೆನಿಯರ್ ಬಟ್ಟೆ ಉಗುರು ತಾಗಿದರೆ ಹರಿದೀತು ಎನ್ನಿಸುವಷ್ಟು ತೆಳು. 10 ಡೆನಿಯರ್ ದೂರದ ಚಾರಣಕ್ಕೆ ಹದ. 20 ಡೆನಿಯರ್ ಒರಟು ಬಳಕೆಗೆ. ನಮ್ಮ ಆಯ್ಕೆ ಹತ್ತು, ಅಥವಾ ಹೊರಗೆ ಹತ್ತು ಒಳಗೆ ಏಳು.

ಬಟ್ಟೆಗಿಂತ ಹೊಲಿಗೆಯನ್ನು ಹೆಚ್ಚು ನೋಡಿ. ಒಳಬಟ್ಟೆ ಹೊರಬಟ್ಟೆ ಎರಡನ್ನೂ ಕೂಡಿಸಿ ನೇರ ಹೊಲಿದಿದ್ದರೆ ಆ ಗೆರೆಯುದ್ದಕ್ಕೂ ಡೌನ್ ಇರುವುದಿಲ್ಲ, ಚಳಿ ಒಳಗೆ ಬರುತ್ತದೆ. ಹತ್ತು ಡಿಗ್ರಿಯ ಬೇಸಿಗೆ ಕ್ವಿಲ್ಟಿಗೆ ಅದು ನಡೆಯುತ್ತದೆ. ಸೊನ್ನೆ ಡಿಗ್ರಿಗೆ ಎರಡು ಬಟ್ಟೆಗಳ ನಡುವೆ ಬಲೆಯ ಗೋಡೆ ಕೊಟ್ಟು ಮಾಡಿದ ಕೋಣೆಗಳೇ ಬೇಕು, ಅವಕ್ಕೆ ಬಾಕ್ಸ್ ಬ್ಯಾಫಲ್ ಎನ್ನುತ್ತಾರೆ. ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಡೌನ್ ಸರಿದು ಖಾಲಿಯಾದ ಕೋಣೆಗಳು ಬಿಳಿಚಿ ಕಾಣುತ್ತವೆ. ಎದೆಯ ಮೇಲಿನ ಕೋಣೆ ಹಾಗೆ ಕಂಡರೆ ಆ ಚೀಲ ಬಿಟ್ಟುಬಿಡಿ.

ಒಳಗೆ ಹಾಕುವ ಲೈನರನ್ನು ನಮ್ಮ ದರ್ಜಿಗಳೇ ಹೊಲಿದುಕೊಡಬಲ್ಲರು. ಜರಿಯಿಲ್ಲದ, ಮೆತ್ತನೆಯ ಹಳೆಯ ರೇಷ್ಮೆ ಸೀರೆಯಿಂದ 4.2 ಮೀಟರ್ ಕತ್ತರಿಸಿ, ಅಗಲವನ್ನು 85 ಸೆಂ.ಮೀ.ಗೆ ಇಳಿಸಿ, ನಡುವೆ ಮಡಚಿ ಎರಡೂ ಪಕ್ಕ ಹೊಲಿದರೆ 2.1 ಮೀಟರ್ ಉದ್ದದ ಚೀಲ ಸಿದ್ಧ. ಮಡಿಕೆ ಕಾಲ ಕಡೆ ಬರಲಿ. ಹೊಲಿಗೆಯ ಅಂಚನ್ನು ಒಳಗೆ ಮುಚ್ಚಿ ಎರಡು ಸಲ ಹೊಲಿಸಿ, ಇಲ್ಲದಿದ್ದರೆ ಒಂದೇ ಚಾರಣದಲ್ಲಿ ಎಳೆ ಬಿಡುತ್ತದೆ. 400 ಗ್ರಾಂ ಸೀರೆಯಿಂದ ಮಾಡಿದ ಲೈನರ್ ಸುಮಾರು 225 ಗ್ರಾಂ ತೂಗುತ್ತದೆ. ಚದರ ಮೀಟರಿಗೆ 35 ಗ್ರಾಂ ತೂಗುವ ತೆಳು ರೇಷ್ಮೆ ಸಿಕ್ಕಿದರೆ 125 ಗ್ರಾಂಗೆ ಮುಗಿಯುತ್ತದೆ. ಇದರಿಂದ ಹೆಚ್ಚುವ ಬೆಚ್ಚಗೆ ಎರಡು ಮೂರು ಡಿಗ್ರಿ ದಾಟದು. ದೊಡ್ಡ ಉಪಯೋಗವೆಂದರೆ ಬೆವರು ಮತ್ತು ಮೈಎಣ್ಣೆ ಡೌನ್‌ಗೆ ಇಳಿಯುವುದಿಲ್ಲ, ಚೀಲವನ್ನು ಪದೇ ಪದೇ ಒಗೆಯಬೇಕಾಗಿಲ್ಲ.

ಒದ್ದೆ ಎಂಬ ಶತ್ರು

ಶಿರಾ, ಪಾವಗಡ ಕಡೆಯ ಕುರಿ ಕಂಬಳಿ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಡೌನ್‌ಗೆ ಆ ಗುಣವಿಲ್ಲ. ನೆನೆದರೆ ಗಂಟುಗಟ್ಟಿ ಬಟ್ಟೆಗೆ ಅಂಟಿ ಕೂರುತ್ತದೆ. ನೀರು ತಡೆಯುವ ಲೇಪ ಕೊಟ್ಟ ಡೌನ್ ತುಸು ತಡವಾಗಿ ನೆನೆಯುತ್ತದೆ ಅಷ್ಟೇ. ಮಳೆಗಿಂತ ಹೆಚ್ಚು ಕಾಡುವುದು ಮೈಯ ಬೆವರು ಮತ್ತು ಉಸಿರು. ಪ್ರತಿ ರಾತ್ರಿ ಒಂದಿಷ್ಟು ತೇವ ಒಳಗೆ ಸೇರಿ, ಆರೇಳು ದಿನ ಬಿಸಿಲು ಕಾಣದಿದ್ದರೆ ಉಬ್ಬು ಕಣ್ಣಿಗೇ ಕಾಣುವಷ್ಟು ಇಳಿಯುತ್ತದೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅರ್ಧ ಗಂಟೆ ಚೀಲದ ಒಳಮೈಯನ್ನು ಬಿಸಿಲಿಗೆ ಹರಡಿ. ಬೆಳಿಗ್ಗೆ ಎದ್ದ ಕೂಡಲೇ ಮಡಚಬೇಡಿ, ಮೊದಲು ಒತ್ತಿ ಒಳಗಿನ ಬಿಸಿ ಆವಿಯನ್ನು ಹೊರಹಾಕಿ. ಟೆಂಟಿನ ಗೋಡೆಗೆ ಪಾದದ ಗೂಡು ತಾಗಿದರೆ ಅಲ್ಲಿ ಕಟ್ಟಿದ ಇಬ್ಬನಿ ನೇರ ಡೌನ್‌ಗೆ ಇಳಿಯುತ್ತದೆ. ಹಾಗೆ ತಾಗುವುದಾದರೆ ಮಳೆಯಂಗಿಯನ್ನು ಪಾದದ ಮೇಲೆ ಹೊದಿಸಿ. ಚೀಲಕ್ಕೆ ಮುಖ ಹುದುಗಿಸಿ ಉಸಿರಾಡಬೇಡಿ. ಬೆನ್ನುಚೀಲದ ಒಳಗೆ ಒಂದು ದಪ್ಪ ಪಾಲಿಥೀನ್ ಚೀಲ ಹಾಕಿ, ಡೌನನ್ನು ಅದರ ತಳಕ್ಕೆ ತುರುಕಿ, ಬಾಯಿ ಸುರುಳಿ ಸುತ್ತಿ. ಬೆನ್ನುಚೀಲದ ಹೊರಗಿನ ಮಳೆಹೊದಿಕೆಯನ್ನೊಂದೇ ನಂಬಿದರೆ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ.

ಇದೇ ಕಾರಣಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದಲ್ಲಿ ಹಲವು ದಿನ ನಡೆಯುವವರಿಗೆ ಡೌನನ್ನು ನಾವು ಹೇಳುವುದಿಲ್ಲ. ಅಲ್ಲಿ ಒಣಗಿಸುವ ಬಿಸಿಲೇ ಇಲ್ಲ. ಸಿಂಥೆಟಿಕ್ ಒಯ್ಯಿರಿ.

ಕೊಂಡ ದಿನ ಮಾಡಬೇಕಾದದ್ದು

ಚೀಲವನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ತೂಗಿ. ಹೇಳಿದ ತೂಕಕ್ಕಿಂತ ಮೂವತ್ತು ನಲವತ್ತು ಗ್ರಾಂ ಹೆಚ್ಚು ಕಡಿಮೆ ಇರುವುದು ಸಹಜ. ಆಮೇಲೆ ಹಾಸಿಗೆಯ ಮೇಲೆ ಹರಡಿ, ಕೊಡವಿ, ಒಂದು ಗಂಟೆ ಬಿಟ್ಟು ಮೇಲ್ಪದರದ ಉಬ್ಬನ್ನು ಸ್ಕೇಲಿನಿಂದ ಅಳೆಯಿರಿ. ಮೈನಸ್ ಒಂದರ ಕ್ವಿಲ್ಟ್ ಸುಮಾರು ಐದು ಸೆಂ.ಮೀ., ಮೈನಸ್ ಏಳರದ್ದು ಆರಕ್ಕಿಂತ ಮೇಲೆ ಉಬ್ಬಬೇಕು. ನಾಲ್ಕೂ ದಾಟದಿದ್ದರೆ ಅಂಗಡಿಗೆ ಹಿಂದಿರುಗಿಸಿ. ಜಾಕೆಟ್ ತೊಟ್ಟು ಒಳಗೆ ಮಲಗಿ ನೋಡಿ. ಭುಜದ ಬಳಿ ಬಟ್ಟೆ ಬಿಗಿದರೆ ಡೌನ್ ಒತ್ತಿಕೊಂಡು ಅಲ್ಲೇ ಚಳಿ ಶುರುವಾಗುತ್ತದೆ. ಎತ್ತರ ಐದೂವರೆ ಅಡಿಯಿದ್ದವರು ಆರಡಿಯವರ ಚೀಲ ಕೊಳ್ಳಬೇಡಿ: ಕಾಲ ಬಳಿಯ ಖಾಲಿ ಜಾಗವನ್ನೂ ಮೈಶಾಖವೇ ಬೆಚ್ಚಗೆ ಮಾಡಬೇಕಾಗುತ್ತದೆ.

ಜಿಪ್ಪನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಎಳೆದು ನೋಡಿ. ಕಚ್ಚಿಕೊಂಡರೆ ಜಗ್ಗದೆ, ಬಟ್ಟೆಯನ್ನು ಪಕ್ಕಕ್ಕೆ ಎಳೆದು ಹಿಂದಕ್ಕೆ ಬಿಡಿಸಿ. ಡೌನ್ ಜೊತೆ ಬೆರೆತ ಗರಿಯ ದಂಟು ಬಟ್ಟೆಯಿಂದ ಇಣುಕಿದರೆ ಹೊರಗೆ ಕೀಳಬೇಡಿ, ಹಿಂಬದಿಯಿಂದ ಚಿವುಟಿ ಒಳಕ್ಕೆ ಎಳೆದು ತೂತನ್ನು ಬೆರಳಿನಿಂದ ಉಜ್ಜಿ. ಹರಿದರೆ ನೈಲಾನ್ ರಿಪೇರಿ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಅಂಟಿಸಿ. ಸೂಜಿ ಹಾಕಿದರೆ ಹೊಸ ತೂತುಗಳಾಗುತ್ತವೆ.

ಒಗೆಯುವುದು, ಇಡುವುದು

ವರ್ಷಕ್ಕೊಮ್ಮೆ ಒಗೆದರೆ ಸಾಕು. ಬಟ್ಟೆ ಸೋಪಿನ ಪುಡಿ ಬೇಡ, ಅದು ಪುಕ್ಕದ ಸಹಜ ಎಣ್ಣೆಯನ್ನು ತೆಗೆದುಬಿಡುತ್ತದೆ. ನಿಕ್‌ವ್ಯಾಕ್ಸ್‌ನಂಥ ಡೌನ್ ವಾಶ್ ಬಳಸಿ. ದೊಡ್ಡ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಚೀಲವನ್ನು ಮುಳುಗಿಸಿ ಕೈಯಿಂದ ಮೆಲ್ಲನೆ ಒತ್ತಿ, ನೊರೆ ಹೋಗುವವರೆಗೆ ಮೂರು ನಾಲ್ಕು ಸಲ ನೀರು ಬದಲಿಸಿ. ಹಿಂಡಬೇಡಿ. ಎತ್ತುವಾಗ ಎರಡೂ ಕೈ ಅಡಿಗೆ ಕೊಟ್ಟು ಮಗುವನ್ನು ಎತ್ತಿದಂತೆ ಎತ್ತಿ. ಒಂದು ತುದಿ ಹಿಡಿದು ನೇತು ಹಾಕಿದರೆ ಒದ್ದೆ ಡೌನ್‌ನ ಭಾರಕ್ಕೆ ಒಳಗಿನ ಬಲೆಗೋಡೆಗಳು ಹರಿಯುತ್ತವೆ, ಹಾಗಾದ ಮೇಲೆ ರಿಪೇರಿ ಇಲ್ಲ.

ಡ್ರೈಯರ್ ಇದ್ದರೆ ಕಡಿಮೆ ಶಾಖದಲ್ಲಿ ಮೂರು ಟೆನಿಸ್ ಚೆಂಡು ಹಾಕಿ ಮೂರು ನಾಲ್ಕು ಗಂಟೆ ತಿರುಗಿಸಿ. ಇಲ್ಲದವರಿಗೆ ಕೋಲಾರದ ಮಾರ್ಚ್ ತಿಂಗಳ ಒಣಗಾಳಿಯೇ ಡ್ರೈಯರ್. ಹಗ್ಗದ ಮಂಚದ ಮೇಲೆ ನೆರಳಿನಲ್ಲಿ ಹರಡಿ, ಎರಡು ಗಂಟೆಗೊಮ್ಮೆ ಮಗುಚಿ, ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತ ಎರಡು ಮೂರು ದಿನ ಒಣಗಿಸಿ. ಮೇಲೆ ಒಣಗಿದಂತೆ ಕಂಡರೂ ಬೆರಳಿಗೆ ಕಡಲೆಯಷ್ಟು ಗಂಟು ಸಿಕ್ಕಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಹಾಗೇ ಕಟ್ಟಿಟ್ಟರೆ ಮುಗ್ಗಲು ವಾಸನೆ ಹತ್ತುತ್ತದೆ. ಪೂರ್ತಿ ಒಣಗಿದ ಮೇಲೆ ದೊಡ್ಡ ಹತ್ತಿಯ ದಿಂಬಿನ ಕವರಿಗೆ ಸಡಿಲವಾಗಿ ತುಂಬಿ ಬೀರುವಿನ ಮೇಲಿನ ಅರೆಯಲ್ಲಿಡಿ. ಜೊತೆಗೆ ಬಂದ ಪುಟ್ಟ ಚೀಲ ದಾರಿಯಲ್ಲಿ ಹೊರಲು ಮಾತ್ರ. ಅದರಲ್ಲೇ ಅದುಮಿ ವರ್ಷವಿಡೀ ಬಿಟ್ಟರೆ ಪುಕ್ಕ ಮತ್ತೆ ಮೊದಲಿನಷ್ಟು ಉಬ್ಬುವುದಿಲ್ಲ.